ಲಕ್ವ ಹೊಡೆದವರ ಇಸಿಜಿ ಏಕೆ ಕೆಡುತ್ತದೆ?

ಲಕ್ವ ಹೊಡೆದು ಆಸ್ಪತ್ರೆ ಸೇರಿದವರ ಇಸಿಜಿ ಕೆಲವೊಮ್ಮೆ ಹೃದಯಾಘಾತದ ಇಸಿಜಿಯಂತೆಯೇ ಕಾಣುತ್ತದೆ. ಬಡಿತದ ಕೊನೆಗೆ ಇಸಿಜಿ ಗೆರೆಯಲ್ಲಿ ಏಳುವ ಉಬ್ಬು, ಅಂದರೆ ಟಿ ಅಲೆ, ತಲೆಕೆಳಗಾಗಿರುತ್ತದೆ, ಹೃದಯ ಒಮ್ಮೆ ಬಡಿದು ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತನ್ನು ತೋರುವ ಕ್ಯೂಟಿ ಅಂತರ ಹಿಗ್ಗಿರುತ್ತದೆ, ಹೃದಯದ ಸ್ನಾಯುವಿಗೆ ಗಾಯವಾದರೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತದಲ್ಲಿ ಏರಿರುತ್ತದೆ. ಆಂಜಿಯೋಗ್ರಾಂ ಮಾಡಿ ನೋಡಿದರೆ ಎಷ್ಟೋ ಜನರ ಹೃದಯದ ರಕ್ತನಾಳಗಳಲ್ಲಿ ಹೊಸ ಅಡಚಣೆಯೇ ಇರುವುದಿಲ್ಲ. ಅಮೆರಿಕದ ಜಾರ್ಜ್ ಬರ್ಚ್ ಮತ್ತು ಸಂಗಡಿಗರು 1954ರಲ್ಲೇ ಇಂಥ ಇಸಿಜಿಗಳನ್ನು ವರದಿ ಮಾಡಿದ್ದರು. ಹೃದಯವನ್ನು ಕೆಣಕಿದ್ದು ಮಿದುಳು. ಅದರಲ್ಲೂ ಬೆರಳು ಹೆಚ್ಚಾಗಿ ತೋರುವುದು ಇನ್ಸುಲಾದ ಕಡೆಗೆ.

ಇನ್ಸುಲಾ ಎಂದರೆ ಲ್ಯಾಟಿನ್‌ನಲ್ಲಿ ದ್ವೀಪ. ಮಿದುಳಿನ ಪಕ್ಕದಲ್ಲಿರುವ ಆಳವಾದ ಸೀಳನ್ನು ಬಿಡಿಸಿದರೆ ಮಾತ್ರ ಕಾಣುವ ಮಡಿಕೆ ಇದು, ಎಡಕ್ಕೊಂದು, ಬಲಕ್ಕೊಂದು. ಇದಕ್ಕೆ ರಕ್ತ ಕೊಡುವುದು ಮಿಡಲ್ ಸೆರೆಬ್ರಲ್ ಆರ್ಟರಿ. ಲಕ್ವದಲ್ಲಿ ಹೆಚ್ಚಾಗಿ ಕಟ್ಟಿಕೊಳ್ಳುವ ದೊಡ್ಡ ನಾಳವೂ ಅದೇ. ಹಾಗಾಗಿ ಕೈಕಾಲು ಬಿದ್ದುಹೋದವರಲ್ಲಿ ಇನ್ಸುಲಾಕ್ಕೂ ಪೆಟ್ಟು ಬಿದ್ದಿರುವುದು ಅಪರೂಪವಲ್ಲ.

ಹೃದಯ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ. ನರಗಳ ನಂಟು ತಪ್ಪಿಸಿದರೆ ಅದು ತನ್ನ ಪಾಡಿಗೆ ನಿಮಿಷಕ್ಕೆ ಸುಮಾರು 100 ಸಲ ಮಿಡಿಯುತ್ತದೆ. ಬದಲಿ ಹೃದಯ ಕಸಿ ಮಾಡಿಸಿಕೊಂಡವರ ನಾಡಿ ವಿಶ್ರಾಂತಿಯಲ್ಲೂ ವೇಗವಾಗಿರುವುದು ಇದರಿಂದಲೇ. ಅದನ್ನು 70ರ ಆಸುಪಾಸಿಗೆ ಹಿಡಿದಿಡುವ ಮೂಗುದಾರ ವೇಗಸ್ ನರ. ಸಿಂಪಥೆಟಿಕ್ ನರಗಳು ಬಾರುಕೋಲು. ಇನ್ಸುಲಾ ಇವೆರಡನ್ನೂ ನೇರವಾಗಿ ಹಿಡಿದಿಲ್ಲ. ಮಿದುಳಿನ ಆಳದಲ್ಲಿರುವ ಅಮಿಗ್ಡಲಾ, ಹೈಪೊಥಲಾಮಸ್ ಎಂಬ ಭಾಗಗಳ ಮೂಲಕ ಮಿದುಳಿನ ಕಾಂಡಕ್ಕೆ ಸುದ್ದಿ ಕಳಿಸುತ್ತದೆ, ಬಿಗಿಯುವುದು ಸಡಿಲಿಸುವುದು ಅಲ್ಲಿ ನಡೆಯುತ್ತದೆ.

1991ರಲ್ಲಿ ಇಲಿಗಳ ಇನ್ಸುಲಾವನ್ನು ಹೃದಯದ ಲಯಕ್ಕೆ ಹೊಂದಿಸಿ ಗಂಟೆಗಟ್ಟಲೆ ವಿದ್ಯುತ್ತಿನಿಂದ ಚೋದಿಸಿದಾಗ ಕ್ಯೂಟಿ ಹಿಗ್ಗಿತು, ಹಾರ್ಟ್ ಬ್ಲಾಕ್ (ನಾಳದ ಅಡಚಣೆಯಲ್ಲ, ಹೃದಯದೊಳಗಿನ ವಿದ್ಯುತ್ ಸಂಕೇತಕ್ಕೆ ತಡೆ) ಆಯಿತು, ಕೊನೆಗೆ ಹೃದಯ ನಿಂತಿತು. ಮರುವರ್ಷ ಕೆನಡಾದ ಸ್ಟೀಫನ್ ಓಪನ್‌ಹೈಮರ್, ವ್ಲಾದಿಮಿರ್ ಹಚಿನ್ಸ್ಕಿ ಮತ್ತಿತರರು ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದ 5 ಮಂದಿಯಲ್ಲಿ ಇದನ್ನು ಹದವಾಗಿ ಪರೀಕ್ಷಿಸಿದರು. ಎಡ ಇನ್ಸುಲಾವನ್ನು ಚೋದಿಸಿದಾಗ ನಾಡಿ ಇಳಿಯುವುದು ಹೆಚ್ಚು. ಬಲದ್ದನ್ನು ಚೋದಿಸಿದಾಗ ನಾಡಿಯೂ ಬಿಪಿಯೂ ಏರುವುದು ಹೆಚ್ಚು. ‘ಬಲಕ್ಕೆ ವೇಗ, ಎಡಕ್ಕೆ ನಿಧಾನ’ ಎಂಬ ಸೂತ್ರ ಹರಡಿದ್ದು ಇಲ್ಲಿಂದ. ಐದೇ ಜನರಿಂದ ಬಂದ ಸೂತ್ರವನ್ನು ಅಷ್ಟು ಗಟ್ಟಿಯಾಗಿ ಹಿಡಿಯಬಾರದಿತ್ತು. ಹೆಚ್ಚು ರೋಗಿಗಳನ್ನು ನೋಡಿದ ಮುಂದಿನ ಅಧ್ಯಯನಗಳಲ್ಲಿ ಎಡ-ಬಲದ ಗೆರೆ ಮಸುಕಾಯಿತು. ಒಂದೇ ಇನ್ಸುಲಾದ ಯಾವ ಭಾಗವನ್ನು ಚೋದಿಸಿದ್ದು ಎಂಬುದೂ ಮುಖ್ಯವೆಂದು ಕಂಡಿತು.

ಸುದ್ದಿ ಹೃದಯದಿಂದ ಮೇಲಕ್ಕೆ, ಮಿದುಳಿಗೂ ಹೋಗುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಾರ್ಲ್ ಡೈಸರಾತ್ ತಂಡ ಇಲಿಗಳ ಹೃದಯವನ್ನು ಬೆಳಕಿನಿಂದಲೇ ನಿಮಿಷಕ್ಕೆ 900 ಸಲ ಬಡಿಯುವಂತೆ ಮಾಡಿತು. ಅಪಾಯವಿರಬಹುದಾದ ಜಾಗಗಳಲ್ಲಿ ಆ ಇಲಿಗಳು ಅಂಜತೊಡಗಿದವು. ಹಿಂಭಾಗದ ಇನ್ಸುಲಾವನ್ನು ಸುಮ್ಮನಾಗಿಸಿದಾಗ ಅಂಜಿಕೆ ತಗ್ಗಿತು.

ಇನ್ನು ಹೃದಯಕ್ಕೆ ಆಗುವ ಗಾಯ. ಸಿಂಪಥೆಟಿಕ್ ನರತುದಿಗಳು ಹೃದಯವನ್ನು ಚುರುಕಾಗಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಒಮ್ಮೆಲೇ ಸುರಿಸಿದರೆ ಹೃದಯದ ಕೋಶಗಳಿಗೆ ಮಿತಿಮೀರಿ ಕ್ಯಾಲ್ಸಿಯಂ ನುಗ್ಗುತ್ತದೆ. ನಾರುಗಳು ಸೆಟೆದು ಸಾಯುತ್ತವೆ, ಟ್ರೋಪೋನಿನ್ ಸೋರುತ್ತದೆ. ಹೃದಯಾಘಾತದಲ್ಲಿ ಒಂದು ನಾಳದ ವ್ಯಾಪ್ತಿಯಷ್ಟೂ ಸ್ನಾಯು ಸಾಯುತ್ತದೆ. ಇಲ್ಲಿ ಗಾಯಗಳು ಚಿಕ್ಕವು, ಚದುರಿದವು, ನರತುದಿಗಳ ಸಮೀಪದಲ್ಲಿರುವಂಥವು.

ಅದಕ್ಕೇ ಲಕ್ವದ ರೋಗಿಯನ್ನು ಕನಿಷ್ಠ ಮೊದಲ 24 ಗಂಟೆ ಹೃದಯದ ಮಾನಿಟರಿನಲ್ಲಿ ಇಡುತ್ತಾರೆ. ಕ್ಯೂಟಿಸಿ (ನಾಡಿಯ ವೇಗಕ್ಕೆ ಸರಿಹೊಂದಿಸಿದ ಕ್ಯೂಟಿ) 500 ಮಿಲಿಸೆಕೆಂಡ್ ದಾಟಿದರೆ ಪ್ರಾಣಾಂತಕ ಲಯದೋಷದ ಭಯ. ಆಗ ಪೊಟ್ಯಾಸಿಯಂ, ಮೆಗ್ನೀಸಿಯಂ ಮಟ್ಟ ನೋಡಿ ಸರಿಪಡಿಸಬೇಕು. ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್, ಆಂಟಿಬಯೋಟಿಕ್ ಅಜಿತ್ರೋಮೈಸಿನ್‌ನಂತಹ ಕ್ಯೂಟಿ ಹಿಗ್ಗಿಸುವ ಮದ್ದುಗಳನ್ನು ಆದಷ್ಟು ತಪ್ಪಿಸಬೇಕು. ಟ್ರೋಪೋನಿನ್‌ಅನ್ನು ಒಮ್ಮೆ ನೋಡಿ ಬಿಡದೆ ಕೆಲವು ಗಂಟೆ ಬಿಟ್ಟು ಮತ್ತೆ ನೋಡಬೇಕು: ಸರಸರನೆ ಏರುತ್ತಿದ್ದರೆ ಅದು ಹೊಸ ಗಾಯ. ಹಾಗೆಂದು ‘ಮಿದುಳಿನ ಆಟ’ ಎಂದು ಕೈಬಿಡುವಂತೆಯೂ ಇಲ್ಲ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು ಮಿದುಳಿನ ನಾಳವನ್ನು ಕಟ್ಟಿಸುವಂತೆ ಹೃದಯದ ನಾಳವನ್ನೂ ಕಟ್ಟಿಸುತ್ತವೆ. ಒಬ್ಬರಲ್ಲೇ ಎರಡೂ ಇರಬಹುದು.