ಪ್ರಶ್ನೆ ಹೇಗಿದೆ ಎಂದು ತಿಳಿಯಲು ಅದರ ತಪ್ಪು ಆಯ್ಕೆಗಳನ್ನು ಓದಿ

ಓದುಗರ ಪ್ರಶ್ನೆ: ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಇಂಟರ್ನೆಟ್‌ನಲ್ಲಿ ಪ್ರಶ್ನೆ ಬ್ಯಾಂಕು, ಕ್ವಿಜ್ಜು, ತಾನೇ ಅಂಕ ಕೊಡುವ ಟೆಸ್ಟುಗಳು ರಾಶಿಗಟ್ಟಲೆ ಸಿಗುತ್ತವೆ. ತರಗತಿಗೆ ತರಲು ಯೋಗ್ಯವಾದದ್ದು ಯಾವುದು ಎಂದು ಹೇಗೆ ತಿಳಿಯುವುದು?

ಉತ್ತರ: ಸರಿಯುತ್ತರವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ತಪ್ಪು ಆಯ್ಕೆಗಳನ್ನು ಓದಿ. ವಿದ್ಯಾರ್ಥಿನಿಯೊಬ್ಬಳು ‘ಬಿ’ಗೆ ಗುರುತು ಹಾಕಿದರೆ ಅವಳು ಏನೆಂದುಕೊಂಡು ಹಾಗೆ ಮಾಡಿದಳು ಎಂದು ನೀವು ಹೇಳಬಲ್ಲಿರಾ? ಹೇಳಬಲ್ಲಿರಾದರೆ ಆ ಪ್ರಶ್ನೆಯನ್ನು ಇಟ್ಟುಕೊಳ್ಳಿ. ತಪ್ಪು ಆಯ್ಕೆಗಳು ಸುಮ್ಮನೆ ಜಾಗ ತುಂಬಲು ಬಂದ ಸಂಖ್ಯೆಗಳಾಗಿದ್ದರೆ ಅಭ್ಯಾಸಕ್ಕೆ ಸಾಕು, ಮೌಲ್ಯಮಾಪನಕ್ಕೆ ಸಾಲದು.

ಒಂದು ಹಳೆಯ ಪ್ರಶ್ನೆ ನೋಡಿ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವೆರ್ಸ್ಕಿ 1972ರಲ್ಲಿ ಪ್ರಕಟಿಸಿದ್ದು ಇದು. ಊರಿನಲ್ಲಿ ಎರಡು ಆಸ್ಪತ್ರೆಗಳಿವೆ. ದೊಡ್ಡದರಲ್ಲಿ ದಿನಕ್ಕೆ ಸುಮಾರು 45 ಹೆರಿಗೆ, ಚಿಕ್ಕದರಲ್ಲಿ ಸುಮಾರು 15. ಹುಟ್ಟುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಶೇ. 60ಕ್ಕಿಂತ ಹೆಚ್ಚು ಗಂಡುಮಕ್ಕಳು ಹುಟ್ಟಿದ ದಿನಗಳು ವರ್ಷದಲ್ಲಿ ಯಾವ ಆಸ್ಪತ್ರೆಯಲ್ಲಿ ಹೆಚ್ಚು? ಉತ್ತರಿಸಿದ 95 ವಿದ್ಯಾರ್ಥಿಗಳಲ್ಲಿ 53 ಮಂದಿ ‘ಎರಡರಲ್ಲೂ ಹೆಚ್ಚುಕಡಿಮೆ ಒಂದೇ’ ಎಂದರು. ಚಿಕ್ಕ ಆಸ್ಪತ್ರೆ ಎಂದು ಸರಿಯಾಗಿ ಹೇಳಿದವರು 21 ಮಂದಿ. ದ್ವಿಪದ ವಿತರಣೆ (ಗಂಡೋ ಹೆಣ್ಣೋ ಎಂಬಂತೆ ಎರಡೇ ಫಲಿತಾಂಶಗಳಿರುವಾಗ ಸಂಭವ ಲೆಕ್ಕಹಾಕುವ ಸೂತ್ರ) ಹಚ್ಚಿ ಲೆಕ್ಕ ಹಾಕಿದರೆ ಚಿಕ್ಕ ಆಸ್ಪತ್ರೆಯಲ್ಲಿ ಅಂಥ ದಿನಗಳು ವರ್ಷಕ್ಕೆ ಸುಮಾರು 55, ದೊಡ್ಡದರಲ್ಲಿ 25ರ ಆಸುಪಾಸು. ‘ಒಂದೇ’ ಎಂದ ಹುಡುಗನಿಗೆ ದ್ವಿಪದ ಸೂತ್ರ ಬಾಯಿಪಾಠ ಬಂದಿರಬಹುದು. ಮಾದರಿ (ಸ್ಯಾಂಪಲ್) ಚಿಕ್ಕದಾದಷ್ಟೂ ಏರಿಳಿತ ಹೆಚ್ಚು ಎಂಬುದು ಅವನಿಗೆ ದಕ್ಕಿಲ್ಲ. ನಾಳೆಯ ಪಾಠ ಎಲ್ಲಿಂದ ಶುರುವಾಗಬೇಕು ಎಂದು ಆ ಒಂದು ಗುರುತೇ ನಿಮಗೆ ತಿಳಿಸಿತು. ಎಂಟು ಅಂಕಿ ಕೊಟ್ಟು ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಕಂಡುಹಿಡಿಯಿರಿ ಎನ್ನುವ ಪ್ರಶ್ನೆಯಲ್ಲಿ ತಪ್ಪು ಬಂದರೆ ಇಷ್ಟು ತಿಳಿಯುವುದಿಲ್ಲ. ಕ್ಯಾಲ್ಕುಲೇಟರ್ ಒತ್ತುವಾಗ ಬೆರಳು ಜಾರಿರಲೂಬಹುದು.

ಇಂಥ ಪ್ರಶ್ನೆಗಳನ್ನೇ ಕಲೆಹಾಕಲು ಹುಟ್ಟಿದ ಯೋಜನೆಯೊಂದಿದೆ, ಅಮೆರಿಕದ ‘ಆರ್ಟಿಸ್ಟ್’. ಮಿನ್ನೆಸೋಟ ವಿಶ್ವವಿದ್ಯಾಲಯದ ಜೋನ್ ಗಾರ್ಫೀಲ್ಡ್, ರಾಬರ್ಟ್ ಡೆಲ್ಮಾಸ್ ಮತ್ತು ಕ್ಯಾಲಿಫೋರ್ನಿಯಾದ ಬೆತ್ ಚಾನ್ಸ್ ಇದನ್ನು ಕಟ್ಟಿದರು. ಪ್ರತಿ ಪ್ರಶ್ನೆಯೂ ಯಾವ ವಿಷಯದ್ದು, ಅದು ಅಳೆಯುವುದು ಸಂಖ್ಯಾಶಾಸ್ತ್ರದ ಸಾಕ್ಷರತೆಯನ್ನೋ ತರ್ಕವನ್ನೋ ಚಿಂತನೆಯನ್ನೋ ಎಂದು ಅಲ್ಲಿ ವಿಂಗಡಿಸಿದ್ದಾರೆ. ಅದೇ ತಂಡ ರೂಪಿಸಿದ ‘ಕೇಯಾಸ್’ ಪರೀಕ್ಷೆಯಲ್ಲಿ 40 ಬಹು ಆಯ್ಕೆ ಪ್ರಶ್ನೆಗಳಿವೆ. 2007ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಕೋರ್ಸಿನ ಆರಂಭದಲ್ಲಿ ವಿದ್ಯಾರ್ಥಿಗಳ ಸರಾಸರಿ ಅಂಕ ಶೇ. 44.9 ಇತ್ತು, ಕೋರ್ಸು ಮುಗಿದ ಮೇಲೆ ಶೇ. 54.0. ಒಂದು ಇಡೀ ಕೋರ್ಸಿನ ನಂತರ ಏರಿದ್ದು ಒಂಬತ್ತೇ ಶೇಕಡಾ ಅಂಶ! ಲೆಕ್ಕ ಬರುವುದಕ್ಕೂ ವಿಷಯ ಅರ್ಥವಾಗುವುದಕ್ಕೂ ನಡುವೆ ಎಷ್ಟು ದೂರವಿದೆ ಎಂದು ಶಿಕ್ಷಕರು ಅಳೆದು ನೋಡಿದ್ದು ಹೀಗೆ. ಪ್ರೌಢಶಾಲೆಯ ಮಟ್ಟಕ್ಕೆ ಫ್ಲಾರಿಡಾ ವಿಶ್ವವಿದ್ಯಾಲಯದ ‘ಲೋಕಸ್’ ಪರೀಕ್ಷೆ ಇದೆ, ಅದೂ ಇದೇ ದಾರಿಯದು.

ಇವುಗಳಿಂದ ಕಲಿಯಬೇಕಾದ ಒಂದು ಗುಣ, ಪ್ರಶ್ನೆಗಳನ್ನು ಯಾರ ಮೇಲೆ ಪ್ರಯೋಗಿಸಿ ನೋಡಿದ್ದೇವೆ, ಏನು ಕಂಡಿತು ಎಂದು ಅವು ಬಹಿರಂಗವಾಗಿ ಹೇಳುತ್ತವೆ. ನಿಮಗೆ ಸಿಕ್ಕ ತಾಣದಲ್ಲಿ ಬರೆದವರ ಹೆಸರಿಲ್ಲ, ಯಾವ ತರಗತಿಗೆ ಎಂದಿಲ್ಲ, ಉತ್ತರಕ್ಕೆ ವಿವರಣೆ ಇಲ್ಲ ಎಂದಾದರೆ ಪ್ರತಿ ಪ್ರಶ್ನೆಯನ್ನೂ ನೀವೇ ಬಿಡಿಸಿ ನೋಡದೆ ಮಕ್ಕಳ ಮುಂದಿಡಬೇಡಿ.

ಸಮಯ ಕಡಿಮೆಯಿದ್ದರೆ ನೇರವಾಗಿ ಹೈಪಾಥಿಸಿಸ್ ಟೆಸ್ಟಿಂಗ್ (ಊಹೆಯೊಂದನ್ನು ದತ್ತಾಂಶದಿಂದ ಪರೀಕ್ಷಿಸುವುದು) ವಿಭಾಗಕ್ಕೆ ಹೋಗಿ. ಪ್ರಶ್ನೆ ಬರೆದವರ ತಿಳಿವಳಿಕೆ ಎಷ್ಟು ಗಟ್ಟಿ ಎಂಬುದು ಅಲ್ಲಿ ಬೇಗ ಗೊತ್ತಾಗುತ್ತದೆ. ಪಿ-ವ್ಯಾಲ್ಯೂ ಎಂದರೆ ನಲ್ ಹೈಪಾಥಿಸಿಸ್ (ಪರಿಣಾಮವೇನೂ ಇಲ್ಲ ಎಂಬ ಊಹೆ) ನಿಜವಾಗಿದ್ದರೆ ಇಂಥ ಅಥವಾ ಇನ್ನೂ ತೀವ್ರ ಫಲಿತಾಂಶ ಬರುವ ಸಂಭವ. ಅದು 0.03 ಬಂದರೆ ಆ ಊಹೆ ನಿಜವಾಗಿರುವ ಸಂಭವ ಶೇ. 3 ಎಂಬುದನ್ನೇ ಸರಿಯುತ್ತರವೆಂದು ಕೊಟ್ಟಿದ್ದರೆ ಆ ತಾಣವನ್ನು ಅಲ್ಲಿಗೇ ಬಿಡಿ. ಪಿ-ವ್ಯಾಲ್ಯೂ ಊಹೆ ನಿಜವಾಗಿರುವ ಸಂಭವನೀಯತೆಯನ್ನು ಅಳೆಯುವುದಿಲ್ಲ ಎಂದು ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರ ಹೇಳಿಕೆಯಲ್ಲಿ ಸ್ಪಷ್ಟವಾಗಿ ಬರೆದಿದೆ.

ತಾನೇ ಅಂಕ ಕೊಡುವ ಟೆಸ್ಟುಗಳಲ್ಲಿ ಇನ್ನೊಂದು ಬಗೆಯ ತೊಂದರೆ ಇದೆ, ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1ರಿಂದ 8ರವರೆಗಿನ ಸಂಖ್ಯೆಗಳ ಮೊದಲ ಚತುರ್ಥಕ (ಕೆಳಗಿನ ಕಾಲು ಭಾಗ ಮುಗಿಯುವ ಬಿಂದು) ಎಷ್ಟು? ಕೆಳಗಿನ ಅರ್ಧದ ಮಧ್ಯಾಂಕ ತೆಗೆದರೆ 2.5. ಎಕ್ಸೆಲ್‌ನ ಒಂದು ಫಂಕ್ಷನ್ 2.75 ಎನ್ನುತ್ತದೆ, ಇನ್ನೊಂದು 2.25 ಎನ್ನುತ್ತದೆ. ಮೂರೂ ಬಳಕೆಯಲ್ಲಿರುವ ವಿಧಾನಗಳೇ. ‘ಆರ್’ ತಂತ್ರಾಂಶದಲ್ಲಂತೂ ಇಂಥ 9 ವಿಧಾನಗಳಿವೆ. ಮಾನಕ ವಿಚಲನೆಯದ್ದೂ ಅದೇ ಕಥೆ. 2, 4, 4, 4, 5, 5, 7, 9 ಎಂಬ ಅಂಕಿಗಳಿಗೆ ಎನ್‌ನಿಂದ (ಅಂಕಿಗಳು ಎಷ್ಟಿವೆಯೋ ಅದರಿಂದ) ಭಾಗಿಸಿದರೆ 2 ಬರುತ್ತದೆ, ಎನ್ ಮೈನಸ್ ಒಂದರಿಂದ ಭಾಗಿಸಿದರೆ 2.14. ಯಂತ್ರಕ್ಕೆ ತಿಳಿದಿರುವುದು ಒಂದೇ ಉತ್ತರ. ಪಠ್ಯಪುಸ್ತಕದ ವಿಧಾನವನ್ನೇ ಅನುಸರಿಸಿದ ವಿದ್ಯಾರ್ಥಿಗೆ ಕೆಂಪು ಗುರುತು ಬೀಳುತ್ತದೆ. ಸರಿ ಮಾಡಿಯೂ ತಪ್ಪು ಅನ್ನಿಸಿಕೊಂಡ ಮಗು ಈ ವಿಷಯದಿಂದಲೇ ದೂರ ಸರಿಯುತ್ತದೆ. ಆದ್ದರಿಂದ ಟೆಸ್ಟನ್ನು ಮೊದಲು ನೀವೇ ತೆಗೆದುಕೊಳ್ಳಿ. ಬೇಕೆಂದೇ ಬೇರೆ ವಿಧಾನದ ಉತ್ತರ ಕೊಟ್ಟು, ದಶಾಂಶ ಸ್ಥಾನ ಬದಲಿಸಿ, ಏನಾಗುತ್ತದೆ ನೋಡಿ.

ವಿದೇಶಿ ಪ್ರಶ್ನೆಯನ್ನು ನಮ್ಮ ನೆಲಕ್ಕೆ ತರುವಾಗ ಹೆಸರು ಬದಲಿಸಿದರೆ ಸಾಕು ಎಂದುಕೊಳ್ಳುತ್ತೇವೆ. ಡಾಲರ್ ಹೋಗಿ ರೂಪಾಯಿ ಬಂದರೆ ಹೆಚ್ಚು ತೊಂದರೆಯಿಲ್ಲ. ಬೇಸ್‌ಬಾಲ್ ಹೋಗಿ ಕ್ರಿಕೆಟ್ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಬೇಸ್‌ಬಾಲ್‌ನ ಬ್ಯಾಟಿಂಗ್ ಆವರೇಜ್ ಒಂದು ಅನುಪಾತ, ಅಂದರೆ ಒಟ್ಟರಲ್ಲಿ ಒಂದು ಪಾಲು, ಸೊನ್ನೆಗೂ ಒಂದಕ್ಕೂ ನಡುವೆ ಇರುತ್ತದೆ. ಕ್ರಿಕೆಟ್‌ನಲ್ಲಿ ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸುತ್ತಾರೆ, ನಾಟೌಟ್ ಇನ್ನಿಂಗ್ಸ್ ಇದ್ದರೆ ಅದು ಇನ್ನಿಂಗ್ಸಿನ ಸರಾಸರಿಯೂ ಆಗುವುದಿಲ್ಲ. ಅನುಪಾತದ ಬಗ್ಗೆ ಇದ್ದ ಪ್ರಶ್ನೆಯಲ್ಲಿ ಅನುಪಾತವೇ ಉಳಿಯದು. ಕ್ರಿಕೆಟ್ಟೇ ಬೇಕೆಂದರೆ ಹೊಸದಾಗಿ ಬರೆಯಿರಿ: ಬಾರಿಸಿದ ರನ್ನುಗಳಲ್ಲಿ ಬೌಂಡರಿಗಳ ಪಾಲು ಎಷ್ಟು ಎಂದು ಕೇಳಿ.

ಪ್ರಶ್ನೆ ಬಳಸಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಒಟ್ಟು ಅಂಕದಲ್ಲಿ ಮೇಲಿರುವ ಸುಮಾರು ಕಾಲು ಭಾಗ ಮಕ್ಕಳನ್ನೂ ಕೆಳಗಿರುವ ಕಾಲು ಭಾಗವನ್ನೂ ಬೇರೆ ಮಾಡಿ, ಆ ಒಂದು ಪ್ರಶ್ನೆಗೆ ಎರಡೂ ಗುಂಪು ಎಷ್ಟು ಸರಿ ಹೇಳಿತು ಎಂದು ಎಣಿಸಿ. ಮನಶ್ಶಾಸ್ತ್ರಜ್ಞ ಟ್ರೂಮನ್ ಕೆಲ್ಲಿ 1939ರಲ್ಲಿ ಇದಕ್ಕೆ ಶೇ. 27ರ ಗುಂಪುಗಳು ಸೂಕ್ತ ಎಂದು ತೋರಿಸಿದರು. ಚಿಕ್ಕ ತರಗತಿಯಲ್ಲಿ ಅಷ್ಟು ನಿಖರತೆ ಬೇಕಿಲ್ಲ. ಮೇಲಿನ ಗುಂಪಿಗಿಂತ ಕೆಳಗಿನ ಗುಂಪೇ ಹೆಚ್ಚು ಸರಿ ಹೇಳಿದ್ದರೆ ಮೊದಲು ಉತ್ತರಸೂಚಿಯನ್ನೂ ವಾಕ್ಯವನ್ನೂ ಅನುಮಾನಿಸಿ, ಮಕ್ಕಳನ್ನಲ್ಲ. ಇಂಗ್ಲಿಷಿನ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದ್ದರೆ ವಾಕ್ಯವನ್ನೇ ಎರಡು ಸಲ ಅನುಮಾನಿಸಬೇಕು. ನಾಲ್ಕು ಆಯ್ಕೆಗಳ ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ ಶೇ. 25 ಸರಿ ಬರುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆಯ ಒಂದು ಸಾಲನ್ನು ಸರ್ಚ್‌ಗೆ ಹಾಕಿ ನೋಡಿ. ಉತ್ತರ ಮೊದಲ ಪುಟದಲ್ಲೇ ಬಂದರೆ ಮನೆಯಿಂದ ಬರೆಯುವ, ಅಂಕವಿರುವ ಟೆಸ್ಟಿಗೆ ಅದು ಬೇಡ. ತರಗತಿಯಲ್ಲಿ ಎಲ್ಲರೆದುರು ಇಡಿ. ಪ್ರತಿಯೊಬ್ಬರೂ ತಮ್ಮ ಆಯ್ಕೆಗೆ ಎರಡು ಸಾಲಿನ ಕಾರಣ ಬರೆಯಲಿ, ಅಕ್ಕಪಕ್ಕದವರು ಚೀಟಿ ಬದಲಿಸಿಕೊಂಡು ವಾದಿಸಲಿ. ಆಸ್ಪತ್ರೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ತಿಳಿದಂತೆ ಇಲ್ಲ.