ಕುದಿಸಿದರೂ ನೀರಲ್ಲೇ ಉಳಿಯುವುದು

ಆಳಂದ ತಾಲ್ಲೂಕಿನ ಹಳ್ಳಿಯಲ್ಲಿ ನಮ್ಮ ಅತ್ತೆಯ ಮನೆ ಇದೆ. ಸೊಸೆಗೆ ಎದೆಹಾಲು ಸಾಲದೆ, ಎರಡು ತಿಂಗಳ ಕೂಸಿಗೆ ಡಾಕ್ಟರು ಪೌಡರ್ ಹಾಲು ಬರೆದುಕೊಟ್ಟಿದ್ದರು. ಅತ್ತೆ ಬೋರಿನ ನೀರನ್ನು ಕೊತಕೊತ ಕುದಿಸುತ್ತಿದ್ದರು. "ಅರ್ಧ ತಾಸು ಕುದಿಸೀನಿ, ಇನ್ನೇನು ಉಳೀತದ ಅದರಾಗ?" ಅಂದರು.

ನೈಟ್ರೇಟ್ ಎಂಬ ಕರಗಿದ ಲವಣ ಉಳಿಯುತ್ತದೆ. ಉಳಿಯುವುದಷ್ಟೇ ಅಲ್ಲ, ಜಾಸ್ತಿಯಾಗುತ್ತದೆ. ಸಾರು ಬತ್ತಿದಷ್ಟೂ ಉಪ್ಪಾಗುತ್ತದೆ ಅಲ್ವಾ, ಇದೂ ಹಾಗೇ. ಒಂದು ಲೀಟರ್ ನೀರಲ್ಲಿ 40 ಮಿಲಿಗ್ರಾಂ ನೈಟ್ರೇಟ್ ಇದೆ ಅಂದುಕೊಳ್ಳಿ. ನಮ್ಮ ದೇಶದ ಮಿತಿ ಲೀಟರಿಗೆ 45, ಅಂದರೆ ಪಾಸಾದ ನೀರು. ಅದನ್ನು ಮುಕ್ಕಾಲು ಲೀಟರಿಗೆ ಬತ್ತಿಸಿದರೆ ಲೆಕ್ಕ 53ಕ್ಕೆ ಏರುತ್ತದೆ. ಈಗ ಅದೇ ನೀರು ಫೇಲು. ಫ್ಲೋರೈಡ್, ಆರ್ಸೆನಿಕ್ ಕೂಡ ಕುದಿಸಿದರೆ ಹೋಗುವುದಿಲ್ಲ.

ನೈಟ್ರೇಟ್ ಬರುವುದು ಯೂರಿಯಾದಿಂದ, ತಿಪ್ಪೆಯಿಂದ, ಶೌಚದ ಗುಂಡಿಯಿಂದ. ಅತ್ತೆಯ ಬೋರು ದನದ ಕೊಟ್ಟಿಗೆಯ ಪಕ್ಕದಲ್ಲೇ ಇದೆ. ನೀರು ಕನ್ನಡಿಯಂತೆ ತಿಳಿಯಾಗಿದೆ, ವಾಸನೆಯಿಲ್ಲ, ರುಚಿಯಲ್ಲೂ ಫರಕಿಲ್ಲ. ಬಹಮನಿ ಕಾಲದವರು ಬೀದರಿನ ನೌಬಾದಿನಲ್ಲಿ ಕೆಂಪು ಮುರಕಲ್ಲು ಕೊರೆದು, ನೆಲದೊಳಗೇ ಸುರಂಗ ತೋಡಿ ನೀರು ಹರಿಸಿದರು. ಆಗ ಯೂರಿಯಾ ಇರಲಿಲ್ಲ, ತಿಳಿ ನೀರನ್ನು ಕಣ್ಣಲ್ಲಿ ನೋಡಿ ನಂಬಬಹುದಿತ್ತೇನೋ. ಈಗ ಕಣ್ಣನ್ನು ನಂಬುವಂತಿಲ್ಲ.

ನೈಟ್ರೇಟ್ ಕೂಸುಗಳಿಗೆ ಅಪಾಯ ಅಂತ ಗೊತ್ತಾದದ್ದು ಅಮೆರಿಕದ ಅಯೋವಾದಲ್ಲಿ. ಹೊಲದ ಮನೆಗಳ ಬಾವಿ ನೀರಲ್ಲಿ ಕಲಸಿದ ಹಾಲು ಕುಡಿದ ಕೂಸುಗಳು ನೀಲಿಗಟ್ಟುತ್ತಿದ್ದವು. ನೀರು ಬದಲಾದರೆ ಚೇತರಿಸಿಕೊಳ್ಳುತ್ತಿದ್ದವು. ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲಿ ಬಾವಿಯ ನೈಟ್ರೇಟೇ ಕಾರಣ ಎಂದು ಬರೆದರು.

ಒಳಗೆ ಆಗುವುದೇನು? ಹೊಟ್ಟೆಯ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ಅದು ರಕ್ತಕ್ಕೆ ಇಳಿದು ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಕೆಡಿಸುತ್ತದೆ, ಮೊಳೆಗೆ ತುಕ್ಕು ಹತ್ತಿದ ಹಾಗೆ. ಹಿಮೋಗ್ಲೋಬಿನ್ ಅಂದರೆ ನಾಲ್ಕು ಸೀಟಿನ ಟಂಟಂ, ಆಮ್ಲಜನಕ ಅದರ ಪ್ರಯಾಣಿಕ. ಒಂದು ಸೀಟು ಕೆಟ್ಟರೆ ಒಬ್ಬನಿಗೆ ಜಾಗ ತಪ್ಪಿತು, ಅಷ್ಟೇ ತಾನೇ? ಅಷ್ಟೇ ಅಲ್ಲ. ಉಳಿದ ಮೂರು ಸೀಟಿನಲ್ಲಿ ಕೂತವರು ತಮ್ಮ ಊರು ಬಂದರೂ ಸುಲಭವಾಗಿ ಇಳಿಯುವುದಿಲ್ಲ, ಸೀಟು ಹಿಡಿದು ಕೂತುಬಿಡುತ್ತಾರೆ. ಗಾಡಿ ಓಡುತ್ತಲೇ ಇದೆ, ಮೆದುಳಿಗೆ, ಹೃದಯಕ್ಕೆ ಮಾತ್ರ ಆಮ್ಲಜನಕ ಸಿಗುತ್ತಿಲ್ಲ! ನಮ್ಮ ದೇಹದಲ್ಲಿ ಇಂಥ ಸೀಟು ರಿಪೇರಿ ಮಾಡುವ ಕಿಣ್ವವಿದೆ. ಎಳೆಗೂಸಿನಲ್ಲಿ ಅದರ ಕೆಲಸ ದೊಡ್ಡವರ ಅರ್ಧದಷ್ಟು. ಅದಕ್ಕೇ ಅದೇ ನೀರು ಕುಡಿದ ಅಜ್ಜಿಗೆ ಏನೂ ಆಗುವುದಿಲ್ಲ, ಆರು ತಿಂಗಳೊಳಗಿನ ಮೊಮ್ಮಗುವಿಗೆ ಆಗುತ್ತದೆ.

ತುಟಿ, ಉಗುರು ನೀಲಿಯಾದರೆ ದೃಷ್ಟಿ ತೆಗೆಯುತ್ತಾ, ಮೆಣಸಿನಕಾಯಿ ಸುಡುತ್ತಾ ಕೂರಬೇಡಿ. ದಯವಿಟ್ಟು ಕೂರಬೇಡಿ. ಆ ಹೊತ್ತು ಕೂಸಿನದು, ತಕ್ಷಣ ಆಸ್ಪತ್ರೆಗೆ ಓಡಿ. ಅಲ್ಲಿ ಇದಕ್ಕೆ ಮೆಥಿಲಿನ್ ಬ್ಲೂ ಎಂಬ ಔಷಧಿ ಇದೆ. ನೀಲಿಗಟ್ಟಿದ ಕೂಸಿಗೆ ನೀಲಿ ಬಣ್ಣದ ಮದ್ದು!

ಎದೆಹಾಲು ಎಷ್ಟು ಕಮ್ಮಿ ಬಂದರೂ ಬಿಡಿಸಬೇಡಿ. ತಾಯಿ ಆ ನೀರು ಕುಡಿದರೂ ನೈಟ್ರೇಟ್ ಎದೆಹಾಲಿಗೆ ಅಷ್ಟಾಗಿ ಇಳಿಯುವುದಿಲ್ಲ. ಪೌಡರ್ ಕಲಸಲು ಪರೀಕ್ಷೆಯಾದ ನೀರು ಬೇಕು. ಬಟ್ಟೆಯಲ್ಲಿ ಸೋಸಿದರೆ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೆ, ಯುವಿ ಮಷಿನ್ನಿನಲ್ಲಿ ಹಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ಆರ್‌ಓ ಇಳಿಸುತ್ತದೆ, ಅದೂ ಒಳಗಿನ ಪೊರೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ. ಟಿಡಿಎಸ್ ಮೀಟರ್ ತೋರಿಸುವುದು ಒಟ್ಟು ಲವಣವನ್ನು, ಅದರಲ್ಲಿ ನೈಟ್ರೇಟ್ ಎಷ್ಟು ಅಂತ ಅದು ಹೇಳಲಾರದು.

ಹಾಗಂತ ಕುದಿಸುವುದನ್ನು ಬಿಡಬೇಡಿ, ಕ್ಯಾನಿನ ನೀರನ್ನೂ ಕುದಿಸಿ. ಪೌಡರಿನಲ್ಲೇ ರೋಗಾಣು ಇರಬಹುದು, ಡಬ್ಬಿ ಸೀಲಾಗಿದ್ದರೂ ಅಷ್ಟೇ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕಲಸುವ ನೀರು 70 ಡಿಗ್ರಿಗೆ ಕಮ್ಮಿ ಇರಬಾರದು ಎಂದಿತು. ನೀರು ಒಮ್ಮೆ ಚೆನ್ನಾಗಿ ಕುದಿ ಬಂದರೆ ಸಾಕು. ಇಳಿಸಿ, ಮುಚ್ಚಿಟ್ಟು, ಅರ್ಧ ತಾಸಿನೊಳಗೆ ಕಲಸಿ. ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಉಗುರುಬೆಚ್ಚಗೆ ಮಾಡಿ ಕುಡಿಸಿ. ಎರಡು ತಾಸಿನೊಳಗೆ ಕುಡಿಯದಿದ್ದರೆ ಚೆಲ್ಲಿಬಿಡಿ.

ಜಲಜೀವನ್ ಮಿಷನ್ನಿನಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟಿದ್ದಾರೆ, ಕೇಳಿ ನೋಡಿ. ಅತ್ತೆಯ ಬೋರಿನ ನೀರಿಗೆ ಔಷಧಿ ಹಾಕಿದ ಸ್ವಲ್ಪ ಹೊತ್ತಿಗೆ ಅದು ಗಾಢ ಗುಲಾಬಿಯಾಯಿತು, ಬಣ್ಣ ಗಾಢವಾದಷ್ಟೂ ನೈಟ್ರೇಟ್ ಜಾಸ್ತಿ. ಊರ ಶುದ್ಧ ನೀರಿನ ಘಟಕದ ನೀರಿನ ಬಣ್ಣ ತೆಳುವಾಗಿಯೇ ಉಳಿಯಿತು. ಎರಡು ಗಾಜಿನ ಕೊಳವೆಗಳನ್ನೂ ಬೆಳಕಿಗೆ ಹಿಡಿದು ಅತ್ತೆ ಬಹಳ ಹೊತ್ತು ನೋಡಿದರು. ಅವತ್ತಿನಿಂದ ಕೂಸಿಗೆ ಅಂತ ಬೇರೆ ಕೊಡ ಇಟ್ಟಿದ್ದಾರೆ.