ಓಡೋಮೀಟರ್ ಹೇಳದ ವಯಸ್ಸು

ಹದಿನೈದು ವರ್ಷ ತುಂಬಿದ ನಮ್ಮ ಸೆಡಾನ್ ಕಾರನ್ನು ನೋಡಲು ವಿಜಯನಗರದ ಮನೆಗೆ ಬಂದಿದ್ದ ದಲ್ಲಾಳಿಯೊಬ್ಬರು ಬಾನೆಟ್ ತೆರೆಯುವ ಮುಂಚೆಯೇ ಓಡೋಮೀಟರಿನತ್ತ ಬಗ್ಗಿ, ‘ಬರೀ 61,000 ಕಿಲೋಮೀಟರ್! ಸಿಂಗಲ್ ಓನರ್ ಬೇರೆ. ಹೊಸ ಗಾಡಿ ಇದ್ದ ಹಾಗಿದೆ ಸಾರ್’ ಎಂದರು. ಆ ಹೊಸ ಗಾಡಿಯ ರಿಪೇರಿಗೆ ಅದೇ ವರ್ಷ ನಾನು 41,000 ರೂಪಾಯಿ ಸುರಿದಿದ್ದೆ. ಕಿಲೋಮೀಟರ್ ಕಡಿಮೆಯಿದ್ದರೆ ಕಾರು ಎಳೆಯದು ಎಂಬ ನಂಬಿಕೆ ಬೆಂಗಳೂರಿನಲ್ಲಿ ಎಷ್ಟು ಬಲವಾಗಿದೆಯೆಂದರೆ, ಅದನ್ನು ಪ್ರಶ್ನಿಸಿದವರನ್ನು ಜನ ಅನುಮಾನದಿಂದ ನೋಡುತ್ತಾರೆ. ಆದರೆ ಓಡೋಮೀಟರ್ ಎಣಿಸುವುದು ಚಕ್ರ ಸುತ್ತಿದ್ದನ್ನು ಮಾತ್ರ. ಎಂಜಿನ್ ಎಷ್ಟು ಗಂಟೆ ಚಾಲೂ ಇತ್ತು, ಬಾನೆಟ್ಟಿನ ಕೆಳಗಿನ ರಬ್ಬರು ಎಷ್ಟು ಕಾಲ ಬೆಂದಿತು ಎಂಬುದರ ಲೆಕ್ಕವನ್ನು ಅದು ಇಡುವುದಿಲ್ಲ.

ಮಂಡ್ಯದ ಕಡೆಯ ರೈತರನ್ನು ಟ್ರ್ಯಾಕ್ಟರು ಎಷ್ಟು ಓಡಿದೆಯೆಂದು ಕೇಳಿದರೆ ಅವರು ಗಂಟೆಗಳಲ್ಲಿ ಉತ್ತರಿಸುತ್ತಾರೆ, ಏಕೆಂದರೆ ಟ್ರ್ಯಾಕ್ಟರಿನ ಮೀಟರು ಎಂಜಿನ್ ದುಡಿದ ಗಂಟೆಗಳನ್ನೇ ತೋರಿಸುತ್ತದೆ ಮತ್ತು ಆಯಿಲ್ ಬದಲಿಸುವುದೂ ಆ ಲೆಕ್ಕದಲ್ಲೇ. ಅಪಾರ್ಟ್‌ಮೆಂಟುಗಳ ಜನರೇಟರಿಗೂ ಇದೇ ಕ್ರಮ. ಇದನ್ನು ನಮ್ಮ ಕಾರಿಗೂ ಹಚ್ಚಿ ನೋಡೋಣ. ಊರೊಳಗಿನ ಓಡಾಟದಲ್ಲಿ ಸರಾಸರಿ ವೇಗ ಗಂಟೆಗೆ 15 ಕಿಲೋಮೀಟರ್ ಎಂದು ಹಿಡಿದರೆ, 61,000 ಕಿಲೋಮೀಟರಿಗೆ ಎಂಜಿನ್ ದುಡಿದದ್ದು ಸುಮಾರು 4,067 ಗಂಟೆ. ಅಷ್ಟೇ ಗಂಟೆಗಳನ್ನು ಹುಬ್ಬಳ್ಳಿ ಹೆದ್ದಾರಿಯಲ್ಲಿ 60ರ ವೇಗದಲ್ಲಿ ಕಳೆದಿದ್ದರೆ ಓಡೋಮೀಟರು 2,44,000 ತೋರಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತಿರುವ ಎಂಜಿನ್ನಿನ ಮೇಲೆ ಭಾರ ಕಡಿಮೆಯಿರುವುದರಿಂದ ಈ ಎರಡನ್ನೂ ಪೂರ್ತಿ ಸಮವೆನ್ನಲಾಗದು, ನಿಜ. ಆದರೆ ಹೆದ್ದಾರಿಯ ಕಾರು ಹಾಫ್ ಕ್ಲಚ್ಚಿನಲ್ಲಿ ಹೆಬ್ಬಾಳದ ಮೇಲ್ಸೇತುವೆಯನ್ನು ತೆವಳುತ್ತ ಹತ್ತುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಂಟೆಗಳಿಗಿಂತಲೂ ಕುತೂಹಲ ಹುಟ್ಟಿಸುವ ಸಂಗತಿಯೆಂದರೆ ರಬ್ಬರು. ಹಳೆಯ ಕಾರಿನ ಬಿಲ್ಲುಗಳನ್ನು ತೆಗೆದು ನೋಡಿದರೆ ಎಂಜಿನ್ ಮೌಂಟಿಂಗು, ಲೋಯರ್ ಆರ್ಮ್ ಬುಷ್, ಆಕ್ಸಲ್ ಬೂಟು, ಆಯಿಲ್ ಸೀಲು, ಹೋಸ್ ಪೈಪು ಹೀಗೆ ರಬ್ಬರಿನ ಭಾಗಗಳೇ ಸಾಲಾಗಿ ಕಾಣುತ್ತವೆ. ಕಬ್ಬಿಣ ಸವೆದು ಕಾರು ನಿಲ್ಲುವುದು ಅಪರೂಪ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಬೆರೆಸಿ ಕಾಯಿಸಿದ ರಬ್ಬರು ಬಿಸಿಗೆ ಅಂಟಾಗದೆ, ಚಳಿಗೆ ಸೆಟೆಯದೆ ಉಳಿಯುತ್ತದೆಂದು ಕಂಡುಕೊಂಡ. ಇಂಗ್ಲೆಂಡಿನಲ್ಲಿ ಪೇಟೆಂಟು ಮಾತ್ರ ಅವನಿಗಿಂತ ಮೊದಲು ಥಾಮಸ್ ಹ್ಯಾನ್‌ಕಾಕ್‌ನ ಕೈಸೇರಿತು; ಗುಡ್‌ಇಯರ್ 1860ರಲ್ಲಿ ಸಾಲ ಹೊತ್ತುಕೊಂಡೇ ಸತ್ತ. ಅವನು ಮಾಡಿದ ಕೆಲಸವನ್ನು ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಕಚ್ಚಾ ರಬ್ಬರಿನ ಉದ್ದುದ್ದ ಅಣುಗಳು ಬಟ್ಟಲಿನಲ್ಲಿರುವ ಬೆಂದ ಶಾವಿಗೆಯ ಎಳೆಗಳಂತೆ, ಒಂದರ ಮೇಲೊಂದು ಜಾರುತ್ತವೆ. ಗಂಧಕವು ಆ ಎಳೆಗಳ ನಡುವೆ ಅಲ್ಲಲ್ಲಿ ಗಂಟು ಹಾಕುತ್ತದೆ. ಆಗ ಶಾವಿಗೆ ಹೋಗಿ ಮೀನಿನ ಬಲೆಯಾಗುತ್ತದೆ: ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಬಲೆಯ ಗುಣವೆಲ್ಲ ಇರುವುದು ಗಂಟುಗಳ ನಡುವೆ ಎಷ್ಟು ಸಡಿಲ ಬಿಡಲಾಗಿದೆ ಎಂಬುದರಲ್ಲಿ.

ಕಾರ್ಖಾನೆಯಲ್ಲಿ ಶುರುವಾದ ಈ ರಸಾಯನ ಕ್ರಿಯೆ ಕಾರ್ಖಾನೆಯಲ್ಲೇ ಮುಗಿಯುವುದಿಲ್ಲ. ಬಿಸಿಯೂ ಗಾಳಿಯ ಆಮ್ಲಜನಕವೂ ಸೇರಿ ವರ್ಷಗಟ್ಟಲೆ ಹೊಸ ಗಂಟುಗಳನ್ನು ಹಾಕುತ್ತಲೇ ಹೋಗುತ್ತವೆ, ಇಲ್ಲವೇ ಎಳೆಗಳನ್ನೇ ಕತ್ತರಿಸುತ್ತವೆ. ಗಂಟು ಹೆಚ್ಚಾದರೆ ಬಲೆ ಬಿದಿರಿನ ತಟ್ಟಿಯಾಗುತ್ತದೆ, ಎಳೆ ತುಂಡಾದರೆ ಮತ್ತೆ ಅಂಟು ಶಾವಿಗೆಯಾಗುತ್ತದೆ. ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಗಟ್ಟಿಯಾಗಿ, ಸೀಟಿ ಕೂಗದೆ, ಅಂಚಿನಿಂದ ಹಬೆ ಸೋರುವುದು ಮೊದಲನೆಯ ಬಗೆ. ಮೇಜಿನ ಡ್ರಾಯರಿನಲ್ಲಿ ಮರೆತುಹೋದ ರಬ್ಬರ್ ಬ್ಯಾಂಡು ಕಾಗದಕ್ಕೆ ಅಂಟಿಕೊಳ್ಳುವುದು ಎರಡನೆಯ ಬಗೆ. ಕುಕ್ಕರ್ ಒಂದು ಅಡಿಯೂ ಓಡಿರುವುದಿಲ್ಲ, ಆದರೂ ಅದರ ಗ್ಯಾಸ್ಕೆಟ್ಟಿಗೆ ಮುಪ್ಪು ಬರುತ್ತದೆ.

ಮುಪ್ಪಿನ ವೇಗವನ್ನು ನಿರ್ಧರಿಸುವುದು ಉಷ್ಣತೆ. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಉಷ್ಣತೆಗೂ ರಸಾಯನ ಕ್ರಿಯೆಯ ವೇಗಕ್ಕೂ ಇರುವ ಸಂಬಂಧವನ್ನು ಸೂತ್ರವಾಗಿ ವಿವರಿಸಿದ. ಅದರಿಂದ ಬಂದ ಸ್ಥೂಲ ಲೆಕ್ಕದ ಪ್ರಕಾರ ಹತ್ತು ಡಿಗ್ರಿ ಏರಿದರೆ ವೇಗ ಸುಮಾರು ಇಮ್ಮಡಿಯಾಗುತ್ತದೆ. ಡಿಸೆಂಬರಿನಲ್ಲಿ ದೋಸೆ ಹಿಟ್ಟು ಹುಳಿ ಬರಲು ಮರುದಿನದವರೆಗೆ ಕಾಯಿಸುತ್ತದೆ, ಏಪ್ರಿಲಿನಲ್ಲಿ ರಾತ್ರಿಯೇ ಪಾತ್ರೆಯಿಂದ ಉಕ್ಕಿ ಹರಿಯುತ್ತದೆ. ಅಲ್ಲಿ ದುಡಿಯುವುದು ಸೂಕ್ಷ್ಮಜೀವಿಗಳಾದರೂ ಬಿಸಿಯ ಆಟ ಇಂಥದೇ. 60 ಡಿಗ್ರಿಯಲ್ಲಿ 16 ವರ್ಷ ಬಾಳುವ ಪೈಪು ಈ ಲೆಕ್ಕದಲ್ಲಿ 70ಕ್ಕೆ ಎಂಟು ವರ್ಷ, 80ಕ್ಕೆ ನಾಲ್ಕೇ ವರ್ಷ ಬಾಳುತ್ತದೆ. ‘ನಮ್ಮೂರಿನ ಹವೆ ತಂಪು, ಗಾಡಿಗೆ ಒಳ್ಳೆಯದು’ ಎನ್ನುವವರು ಬಾನೆಟ್ಟಿನ ಕೆಳಗೊಂದು ಬೇರೆಯೇ ಊರಿದೆ ಎಂಬುದನ್ನು ಮರೆಯುತ್ತಾರೆ. ಹೆದ್ದಾರಿಯಲ್ಲಿ ಆ ಊರಿಗೆ ಗಾಳಿ ಬೀಸುತ್ತಿರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಫ್ಯಾನೊಂದೇ ಗತಿ. ಎಂಜಿನ್ ಆರಿಸಿದ ಮೇಲೆ ಅದನ್ನು ತಂಪಾಗಿಡುವ ಕೂಲಂಟ್ ದ್ರವ ಹರಿಯುವುದೂ ನಿಂತು, ಬಾನೆಟ್ಟಿನ ಒಳಗಿನ ಬಿಸಿ ಇಳಿಯುವ ಬದಲು ಸ್ವಲ್ಪ ಹೊತ್ತು ಏರುತ್ತದೆ. ಸಾಲದ್ದಕ್ಕೆ, ವಾಹನಗಳ ಹೊಗೆ ಬಿಸಿಲಿಗೆ ಸಿಕ್ಕಾಗ ನೆಲಮಟ್ಟದಲ್ಲಿ ಹುಟ್ಟುವ ಓಝೋನ್ ಅನಿಲವು ಎಳೆತದಲ್ಲಿರುವ ರಬ್ಬರಿನ ಮೈಯಲ್ಲಿ ಅಡ್ಡಡ್ಡ ಬಿರುಕು ಮೂಡಿಸುತ್ತದೆ. ಹಳೆಯ ಟಯರಿನ ಪಕ್ಕದ ಮೈಯಲ್ಲಿ ಕಾಣುವ ಸಣ್ಣ ಗೆರೆಗಳಲ್ಲಿ ಇದರ ಪಾಲೂ ಇದೆ.

ಅಗ್ಗದ ರಬ್ಬರು ದುಬಾರಿ ಲೋಹವನ್ನು ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ರೇಡಿಯೇಟರಿನ ಮುಚ್ಚಳಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್ನಿನ ಕೂಲಂಟ್ ಸಾಧಾರಣವಾಗಿ ಇರುವುದೇ 90ರ ಸುತ್ತಮುತ್ತ. ನಡುವಿನ ಅಷ್ಟು ಕಿರಿದಾದ ಅಂತರವನ್ನು ಹಿಗ್ಗಿಸಲೆಂದೇ ಮುಚ್ಚಳವು ಕುಕ್ಕರಿನಂತೆ ಒತ್ತಡವನ್ನು ಹಿಡಿದಿಡುತ್ತದೆ. ಆಗ ಬರೀ ನೀರಾದರೂ 115 ಡಿಗ್ರಿಯವರೆಗೆ ಕುದಿಯದು. ಮುಚ್ಚಳದ ರಬ್ಬರು ಗಟ್ಟಿಯಾಗಿ ಒತ್ತಡ ಸೋರಿದರೆ ಕೂಲಂಟ್ ಟ್ರಾಫಿಕ್ಕಿನ ನಡುವೆಯೇ ಕುದಿದು ಹೊರಚೆಲ್ಲುತ್ತದೆ, ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಕೆಲವೇ ನೂರು ರೂಪಾಯಿಯ ಮುಚ್ಚಳ ಹತ್ತಾರು ಸಾವಿರದ ಹೆಡ್ ಕೆಲಸವಾಗುವುದು ಹೀಗೆ. ಅಂಥ ಹೊತ್ತಿನಲ್ಲಿ ಬೋರ್‌ವೆಲ್ ನೀರು ಸುರಿದರಂತೂ ಗೀಸರಿನ ಕಾಯಿಲಿಗೆ ಕಟ್ಟುವ ಬಿಳಿಯ ಸುಣ್ಣವೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟಿಕೊಳ್ಳುತ್ತದೆ.

ಕಡಿಮೆ ಓಡಿಸುವುದರಿಂದಲೇ ಬರುವ ಕೆಡುಕೂ ಒಂದಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ಪೆಟ್ರೋಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಡನೆ ಸೇರುವುದರಿಂದ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಆವಿಯಾಗಿ ಹೊರಹೋಗುತ್ತದೆ. ಮಾರುಕಟ್ಟೆಗೆ ಹೋಗಿ ಸೊಪ್ಪು ತರುವ ಎರಡು ಕಿಲೋಮೀಟರಿನ ಓಡಾಟದಲ್ಲಿ ಅದು ಸೈಲೆನ್ಸರಿನೊಳಗೆ ತಂಗಿ ತುಕ್ಕು ಹಿಡಿಸುತ್ತದೆ, ಒಂದಿಷ್ಟು ಆಯಿಲ್ಲಿಗೂ ಸೇರುತ್ತದೆ.

ಇನ್ನು ಖರ್ಚಿನ ಲೆಕ್ಕ. ನನ್ನ ಟಿಪ್ಪಣಿ ಪುಸ್ತಕದ ಪ್ರಕಾರ ಹಿಂದಿನ ನಾಲ್ಕು ವರ್ಷ, ವರ್ಷಕ್ಕೆ ಆರರಿಂದ ಎಂಟು ಸಾವಿರ ರೂಪಾಯಿಯಲ್ಲಿ ಮುಗಿದಿದ್ದ ರಿಪೇರಿ, ದಲ್ಲಾಳಿ ಬಂದ ವರ್ಷ ಒಮ್ಮೆಲೇ 41,000ಕ್ಕೆ ಜಿಗಿಯಿತು. ಪಕ್ಕದ ಮನೆಯ ಹಿರಿಯರು, ಆಯುಧಪೂಜೆಗೆ ಬೂದುಗುಂಬಳ ಒಡೆಯದೆ ಬರೀ ನಿಂಬೆಹಣ್ಣಿನಲ್ಲಿ ಮುಗಿಸಿದ್ದಕ್ಕೆ ದೃಷ್ಟಿ ತಗುಲಿದೆಯೆಂದು ತೀರ್ಮಾನಿಸಿದರು. ನಿಂಬೆಹಣ್ಣಿನ ಮೇಲೆ ನನಗೆ ಕೋಪವಿಲ್ಲ. ಆದರೆ ಕಾರಣ ಸಿಕ್ಕಿತೆಂಬ ಸಮಾಧಾನವು ಪೈಪನ್ನು ಒತ್ತಿ ನೋಡುವ ಕೈಯನ್ನು ತಡೆಯುತ್ತದೆ, ನನ್ನ ತಕರಾರು ಇರುವುದು ಅಲ್ಲಿ. ಒಂದು ವರ್ಷ ಕೆಡದೆ ಉಳಿಯುವ ಸಂಭವ ಪ್ರತಿಯೊಂದಕ್ಕೂ ಶೇಕಡಾ 99 ಇರುವ ನೂರು ಬಿಡಿಭಾಗಗಳನ್ನು ತೆಗೆದುಕೊಂಡರೆ, ಆ ವರ್ಷ ಯಾವುದೂ ಕೆಡದಿರುವ ಸಂಭವ ಶೇಕಡಾ 37 ಮಾತ್ರ. ಇದು ಬಿಡಿಭಾಗಗಳು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುತ್ತವೆಂದು ಭಾವಿಸಿದಾಗಿನ ಲೆಕ್ಕ. ಕಾರಿನ ರಬ್ಬರೆಲ್ಲ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿ ಒಂದೇ ಬಿಸಿಯಲ್ಲಿ ಬೆಂದಿರುವುದರಿಂದ ಮೇಲಿನ ಪೈಪು ಒಡೆದ ಕೆಲವೇ ತಿಂಗಳಲ್ಲಿ ಕೆಳಗಿನದೂ ಒಡೆಯುತ್ತದೆ, ದೃಷ್ಟಿ ತಗುಲದಿದ್ದರೂ.

ಹಾಗೆಂದು ವಯಸ್ಸಾದದ್ದನ್ನೆಲ್ಲ ಬದಲಿಸುವುದೂ ಜಾಣತನವಲ್ಲ. ಯುನೈಟೆಡ್ ಏರ್‌ಲೈನ್ಸಿನ ನೋಲನ್ ಮತ್ತು ಹೀಪ್ 1978ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಕೊಟ್ಟ ವರದಿಯಲ್ಲಿ, ವಿಮಾನದ ಭಾಗಗಳ ಪೈಕಿ ವಯಸ್ಸಾದಂತೆ ಕೆಡುವ ಸಂಭವ ಹೆಚ್ಚುತ್ತ ಹೋಗುವಂಥವು ಶೇಕಡಾ 11 ಮಾತ್ರ ಎಂಬ ಅಂಕಿಯಿತ್ತು. ಕಾರಿನಲ್ಲೂ ಸೆನ್ಸರು, ಎಲೆಕ್ಟ್ರಾನಿಕ್ ಪೆಟ್ಟಿಗೆಗಳನ್ನು ಕೆಡುವ ಮುಂಚೆ ಮುಟ್ಟುವುದರಿಂದ ಲಾಭವಿಲ್ಲ. ರಬ್ಬರು, ಟೈಮಿಂಗ್ ಬೆಲ್ಟು, ಕೂಲಂಟ್, ಬ್ರೇಕ್ ಆಯಿಲ್ ಇವನ್ನು ಮಾತ್ರ ಕ್ಯಾಲೆಂಡರ್ ನೋಡಿ ಬದಲಿಸಬೇಕು. ಈಗ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದಿರುವುದರಿಂದ, ಎಥನಾಲಿಗೆ ಹೇಳಿಮಾಡಿಸಿದ್ದಲ್ಲದ ಹಳೆಯ ಇಂಧನ ಪೈಪುಗಳನ್ನೂ ನಾನು ಈ ಪಟ್ಟಿಗೆ ಸೇರಿಸುತ್ತೇನೆ.

‘ಗಾಡಿಯ ಬೆಲೆಯೇ ಒಂದೂವರೆ ಲಕ್ಷ, ಅದಕ್ಕೆ 41,000 ಸುರಿಯುವುದೇ’ ಎಂಬ ಮಾತು ಗ್ಯಾರೇಜಿನಲ್ಲೂ ಮನೆಯಲ್ಲೂ ಕೇಳಿಬಂತು. ಹೋಲಿಸಬೇಕಾದದ್ದು ಗಾಡಿಯ ಬೆಲೆಯ ಜೊತೆಗಲ್ಲ, ಅದರ ಬದಲು ತರುವ ಕಾರಿನ ಮುಂದಿನ ವರ್ಷದ ಖರ್ಚಿನ ಜೊತೆಗೆ. ನಮ್ಮ ವಿಮಾ ಕೋಷ್ಟಕದ ಪ್ರಕಾರ ಒಂದು ವರ್ಷ ದಾಟಿದ ಕಾರಿನ ಬೆಲೆಯಲ್ಲಿ ಶೇಕಡಾ 20 ಕಳೆಯುತ್ತಾರೆ. 12 ಲಕ್ಷದ ಕಾರಿಗೆ ಅದು 2,40,000 ರೂಪಾಯಿ, ಅದೂ ಸಾಲದ ಬಡ್ಡಿಯನ್ನು ಬಿಟ್ಟು. ಹದಿನೈದು ವರ್ಷದ ನಂತರ ಎಫ್.ಸಿ. (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿತು. ಅದನ್ನು ಸೇರಿಸಿದರೂ ಲೆಕ್ಕ ಮಗುಚುವುದಿಲ್ಲ. ಮಗುಚಬಲ್ಲದ್ದು ಸುರಕ್ಷತೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಚಾಸಿಗೆ ತುಕ್ಕು ಹಿಡಿದಿದ್ದರೆ, ಅಥವಾ ಏರ್‌ಬ್ಯಾಗೂ ಎಬಿಎಸ್ಸೂ ಇಲ್ಲದ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಹೋಗುವವರಾದರೆ, ನನ್ನ ಟಿಪ್ಪಣಿ ಪುಸ್ತಕವನ್ನು ನಂಬಬೇಡಿ.

ದಲ್ಲಾಳಿಯನ್ನು ಕಳಿಸಿ ನಾನು ಜೆ.ಸಿ. ರಸ್ತೆಗೆ ಹೋಗಿ ಪೈಪುಗಳ ಪೂರ್ತಿ ಸೆಟ್ಟನ್ನೂ ಒಂದು ಮುಚ್ಚಳವನ್ನೂ ಕೊಂಡೆ. ಅಲ್ಲಿಂದ ಟಯರಿನ ಅಂಗಡಿಗೆ ಹೋದಾಗ, ಟಯರಿನ ಪಕ್ಕದ ಮೈಮೇಲಿರುವ ನಾಲ್ಕು ಅಂಕಿಗಳನ್ನು ಓದುವ ಅಭ್ಯಾಸ ಕೈಹಿಡಿಯಿತು: ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ‘ಹೊಸದು ಸಾರ್, ರಸ್ತೆಯನ್ನೇ ನೋಡಿಲ್ಲ’ ಎಂದು ಅಂಗಡಿಯವರು ಮುಂದಿಟ್ಟ ಟಯರಿನ ಮೇಲೆ 4719 ಎಂದಿತ್ತು.